ಉಪಾಧ್ಯಾಯನ ಜೋಳಿಗೆ

ಬೇಡುವ ಕೈ ಕೆಳಗೆ, ನೀಡುವ ಕೈ ಮೇಲೆ ಎಂಬ ಭಾವನೆಯು ಲೋಕದಲ್ಲಿ ಆಳವಾಗಿ ಬೇರೂರಿದೆ. ಮಾನವಂತನಾದವನು ಹಸಿವನ್ನಾದರೂ ಸಹಿಸಿಯಾನು, ಪರರ ಬಾಗಿಲಲ್ಲಿ ನಿಂತು ಕೈಯೊಡ್ಡಲಾರನು. ಹೀಗಿರಲು, ಮಕ್ಕಳಿಗೆ ಮಾನದ ಪಾಠವನ್ನು ಹೇಳಬೇಕಾದ ಉಪಾಧ್ಯಾಯನೇ ವಂತಿಗೆಯ ಪಟ್ಟಿಯನ್ನು ಕೈಯಲ್ಲಿ ಹಿಡಿದು, ಬಡಮಕ್ಕಳ ವಿದ್ಯೆಗೋಸ್ಕರ ಧನಿಕರ ಜಗುಲಿಯನ್ನು ಏರುವ ಪ್ರಸಂಗ ಬಂದಾಗ ಆ ಯಾಚನೆಯನ್ನು ಏನೆಂದು ಎಣಿಸಬೇಕು? ಅದು ಭಿಕ್ಷೆಯೆ, ಸೇವೆಯೆ, ಅಥವಾ ಸಮಾಜವು ತೀರಿಸದೆ ಉಳಿಸಿಕೊಂಡ ಸಾಲದ ವಸೂಲಿಯೆ? ಈ ಪ್ರಶ್ನೆಯು ಮಾತಿನ ಚಮತ್ಕಾರಕ್ಕಾಗಿ ಹುಟ್ಟಿದ್ದಲ್ಲ. ಇದಕ್ಕೆ ಕೊಡುವ ಉತ್ತರದ ಮೇಲೆ ಬೇಡುವವನ ನಡತೆಯೂ, ಕೊಡುವವನ ನಡತೆಯೂ, ಎಲ್ಲಕ್ಕಿಂತ ಹೆಚ್ಚಾಗಿ, ಇವರಿಬ್ಬರ ನಡುವೆ ಮೌನವಾಗಿ ನಿಂತಿರುವ ಮಗುವಿನ ಮಾನವೂ ಅವಲಂಬಿಸಿವೆ.

ಹಳ್ಳಿಯ ಉಪಾಧ್ಯಾಯನ ಅವಸ್ಥೆಯನ್ನು ಸ್ವಲ್ಪ ಆಲೋಚಿಸಿ ನೋಡಬೇಕು. ಅವನ ತರಗತಿಯಲ್ಲಿ ಚುರುಕಾಗಿದ್ದ ಹುಡುಗನೊಬ್ಬನು ಸುಗ್ಗಿಯ ಕಾಲಕ್ಕೆ ಕಾಣೆಯಾಗುತ್ತಾನೆ. ವಿಚಾರಿಸಿದರೆ, ದನ ಕಾಯುವುದಕ್ಕೆ ಸಂಬಳಕ್ಕೆ ನಿಂತನೆಂದು ತಿಳಿಯುತ್ತದೆ. ಹುಡುಗಿಯೊಬ್ಬಳು ಕೈಕೂಸಾದ ತಮ್ಮನನ್ನು ಎತ್ತಿಕೊಳ್ಳುವುದಕ್ಕಾಗಿ ಮನೆಯಲ್ಲಿ ಉಳಿಯುತ್ತಾಳೆ. ಇನ್ನೊಬ್ಬನು ಊರಿನ ಶಾಲೆಯನ್ನು ಮುಗಿಸಿ, ಮುಂದಿನ ಶಾಲೆಯು ದೂರವಿದ್ದುದರಿಂದಲೂ ಅಲ್ಲಿ ಉಳಿದುಕೊಳ್ಳಲು ಆಸರೆಯಿಲ್ಲದ್ದರಿಂದಲೂ ಓದನ್ನು ನಿಲ್ಲಿಸುತ್ತಾನೆ. ಈ ಮಕ್ಕಳ ಬುದ್ಧಿಯು ಅರಳುತ್ತಿದ್ದುದನ್ನು ದಿನದಿನವೂ ಕಣ್ಣಾರೆ ಕಂಡವನು ಉಪಾಧ್ಯಾಯನೊಬ್ಬನೇ. ತಾಯಿತಂದೆಗಳಿಗೆ ಅದು ಅರ್ಧ ಮಾತ್ರ ಕಾಣುತ್ತದೆ. ಅಧಿಕಾರಿಗೆ ಅದು ಹಾಜರಿ ಪುಸ್ತಕದ ಒಂದು ಅಂಕೆ. ಕಂಡವನಿಗೆ ಸುಮ್ಮನಿರುವ ಹಕ್ಕುಂಟೆ? ಇಲ್ಲವೆಂದು ಅಂತಃಕರಣವು ನುಡಿದಾಗ ಅವನು ಜೋಳಿಗೆಯನ್ನು ಹೆಗಲಿಗೇರಿಸುತ್ತಾನೆ. ಕೂಡಲೆ ಮೂರು ಸಂದೇಹಗಳು ಅವನ ಬೆನ್ನು ಹತ್ತುತ್ತವೆ. ಬೇಡುವುದರಿಂದ ಗುರುವಿನ ಗೌರವಕ್ಕೆ ಕುಂದಲ್ಲವೆ? ಮಗುವಿನ ಬಡತನವನ್ನು ಊರಿಗೆಲ್ಲ ಸಾರಿ ಹಣ ತಂದರೆ ಮಗುವಿಗೆ ಅಪಮಾನವಲ್ಲವೆ? ರಾಜ್ಯವು ಮಾಡಬೇಕಾದ ಕೆಲಸವನ್ನು ಜನರ ದಾನದಿಂದ ನಡೆಸಿದರೆ ರಾಜ್ಯವನ್ನು ಹೊಣೆಯಿಂದ ಬಿಡಿಸಿದಂತಾಗದೆ?

ಮೊದಲನೆಯ ಸಂದೇಹಕ್ಕೆ ಕಾಳಿದಾಸನ ‘ರಘುವಂಶ’ದ ಐದನೆಯ ಸರ್ಗದಲ್ಲಿ ಒಂದು ಸಮಾಧಾನವಿದೆ. ವರತಂತು ಮಹರ್ಷಿಯ ಶಿಷ್ಯನಾದ ಕೌತ್ಸನು ಗುರುದಕ್ಷಿಣೆಗಾಗಿ 14 ಕೋಟಿ ಹೊನ್ನನ್ನು ಬೇಡಲು ರಘುಮಹಾರಾಜನಲ್ಲಿಗೆ ಬರುತ್ತಾನೆ. ವಿಶ್ವಜಿತ್ ಯಾಗದಲ್ಲಿ ಸರ್ವಸ್ವವನ್ನೂ ದಾನಮಾಡಿದ್ದ ರಘುವು ಅತಿಥಿಗೆ ಅರ್ಘ್ಯವನ್ನು ಮಣ್ಣಿನ ಪಾತ್ರೆಯಲ್ಲಿಯೇ ತರಬೇಕಾಗುತ್ತದೆ. ಅದನ್ನು ಕಂಡ ಕೌತ್ಸನು ಬೇಡದೆಯೇ ಹಿಂದಿರುಗಲು ಸಿದ್ಧನಾಗುತ್ತಾನೆ. ರಘುವು ಅವನನ್ನು ತಡೆದು ನಿಲ್ಲಿಸಿ, ಕುಬೇರನ ಮೇಲೆ ದಂಡೆತ್ತಲು ನಿಶ್ಚಯಿಸುತ್ತಾನೆ. ಆ ರಾತ್ರಿಯೇ ಭಂಡಾರದಲ್ಲಿ ಹೊನ್ನಿನ ಮಳೆ ಸುರಿಯುತ್ತದೆ. ಆಮೇಲೆ ನಡೆಯುವುದೇ ವಿಚಿತ್ರವಾದ ಕಲಹ. ಬಂದದ್ದೆಲ್ಲವನ್ನೂ ಕೊಂಡೊಯ್ಯೆಂದು ದೊರೆಯ ಹಟ. ಗುರುವಿಗೆ ಸಲ್ಲಬೇಕಾದುದಕ್ಕಿಂತ ಒಂದು ಹೊನ್ನನ್ನೂ ಹೆಚ್ಚಾಗಿ ಮುಟ್ಟೆನೆಂದು ಶಿಷ್ಯನ ಹಟ. ಸಾಕೇತದ ಜನರು ಇಬ್ಬರನ್ನೂ ಸಮನಾಗಿ ಕೊಂಡಾಡಿದರೆಂದು ಕವಿಯು ಹೇಳುತ್ತಾನೆ.

ಈ ಕಥೆಯಲ್ಲಿ ಬೇಡಿದವನಿಗೆ ಹೀನತೆ ಏಕೆ ತಟ್ಟಲಿಲ್ಲ? ಎರಡು ಕಾರಣಗಳಿಂದ. ಕೌತ್ಸನು ತನಗಾಗಿ ಬೇಡಲಿಲ್ಲ. ಮತ್ತು ತನ್ನ ಬೇಡಿಕೆಯ ಎಲ್ಲೆಯನ್ನು ತಾನೇ ಅರಿತಿದ್ದನು. ಹಳ್ಳಿಯ ಉಪಾಧ್ಯಾಯನಿಗೂ ಇವೆರಡೇ ರಕ್ಷೆ. ಇಷ್ಟು ಮಕ್ಕಳಿಗೆ ಇಷ್ಟು ಪುಸ್ತಕ, ಇಷ್ಟು ದಿನದ ಊಟ, ಇಷ್ಟು ಬಾಡಿಗೆ ಎಂಬ ಲೆಕ್ಕವನ್ನು ಮುಂದಿಟ್ಟು, ಅಷ್ಟನ್ನೇ ಕೇಳಿ, ಖರ್ಚಾದುದನ್ನು ಎಲ್ಲರಿಗೂ ಕಾಣುವಂತೆ ಬರೆದಿಡುವವನ ಯಾಚನೆಯಲ್ಲಿ ನಾಚಿಕೆಗೆ ಎಡೆಯಿಲ್ಲ. ಅರ್ಧ ಗಂಟೆ ಜಗುಲಿಯ ಮೇಲೆ ಕಾಯಿಸಿ, ನಾಳೆ ಬಾ ಎಂದು ಕಳುಹಿಸುವ ಧನಿಕನಿಂದ ಅವನಿಗೆ ಬೇಸರವಾದೀತು, ಮಾನಹಾನಿಯಾಗದು.

ಆದರೆ ಗುರುವಿನ ಗೌರವಕ್ಕೆ ನಿಜವಾದ ಅಪಾಯವು ಬೇರೊಂದು ದಾರಿಯಿಂದ ಬರುತ್ತದೆ. ರಘುವು ಕೌತ್ಸನಿಂದ ಯಾವ ಕರಾರನ್ನೂ ಬಯಸಲಿಲ್ಲ. ಲೋಕದ ದಾನಿಗಳೆಲ್ಲರೂ ರಘುಗಳಲ್ಲ. ಅಮೆರಿಕದ ಬೂಕರ್ ಟಿ. ವಾಷಿಂಗ್ಟನ್ನರ ಜೀವನದಲ್ಲಿ ಈ ವಿಷಯವು ಸ್ಪಷ್ಟವಾಗಿ ಕಾಣುತ್ತದೆ. ಗುಲಾಮಗಿರಿಯಲ್ಲಿಯೇ ಹುಟ್ಟಿದ ಇವರು 1881ರಲ್ಲಿ ಅಲಬಾಮಾ ಸಂಸ್ಥಾನದ ಟಸ್ಕೀಗೀ ಎಂಬ ಸಣ್ಣ ಊರಿನಲ್ಲಿ, ಬಿಡುಗಡೆ ಹೊಂದಿದ ಗುಲಾಮರ ಮಕ್ಕಳಿಗಾಗಿ ಪಾಠಶಾಲೆಯನ್ನು ತೆರೆದರು. ಸಂಸ್ಥಾನದ ಶಾಸನಸಭೆಯು ವರ್ಷಕ್ಕೆ 2000 ಡಾಲರುಗಳನ್ನು ಮಂಜೂರು ಮಾಡಿತ್ತು; ಅದಾದರೂ ಉಪಾಧ್ಯಾಯರ ಸಂಬಳಕ್ಕೆ ಮಾತ್ರ. ನೆಲವಿಲ್ಲ, ಕಟ್ಟಡವಿಲ್ಲ. 500 ಡಾಲರು ಬೆಲೆಯ ಹಳೆಯ ಜಮೀನೊಂದನ್ನು ಕೊಳ್ಳುವುದಕ್ಕೆ ಅರ್ಧ ಹಣವನ್ನು ಪರಿಚಿತರೊಬ್ಬರಿಂದ ಸಾಲ ತಂದರು. ಅವರ ಸಹೋಪಾಧ್ಯಾಯಿನಿ ಓಲಿವಿಯಾ ಡೇವಿಡ್‌ಸನ್ನರು ಊರಿನ ಕಪ್ಪುಜನರ ಮತ್ತು ಬಿಳಿಯರ ಮನೆಗಳಿಗೆ ಹೋಗಿ, ಶಾಲೆಯ ಸಹಾಯಾರ್ಥ ಸಂತರ್ಪಣೆಗೆಂದು ರೊಟ್ಟಿ, ಸಿಹಿತಿಂಡಿಗಳನ್ನು ಬೇಡಿ ತಂದರು. ಗುಲಾಮಗಿರಿಯಲ್ಲಿ ಆಯುಷ್ಯವನ್ನು ಸವೆಸಿದ್ದ ಮುದುಕಿಯೊಬ್ಬಳು, ಚಿಂದಿಯನ್ನುಟ್ಟು ಕೋಲೂರಿಕೊಂಡು ಬಂದು, ತಾನು ಕೂಡಿಟ್ಟಿದ್ದ ಆರು ಕೋಳಿಮೊಟ್ಟೆಗಳನ್ನು ಈ ಮಕ್ಕಳ ವಿದ್ಯೆಗಾಗಿ ಕೊಟ್ಟಳು. ಇಟ್ಟಿಗೆಯ ಭಟ್ಟಿಯು ಮೂರು ಸಲ ಕೆಟ್ಟುಹೋದಾಗ ವಾಷಿಂಗ್ಟನ್ನರು ತಮ್ಮ ಕೈಗಡಿಯಾರವನ್ನು 15 ಡಾಲರಿಗೆ ಒತ್ತೆಯಿಟ್ಟು ನಾಲ್ಕನೆಯ ಭಟ್ಟಿಯನ್ನು ಹೂಡಿದರು. ವಿದ್ಯಾರ್ಥಿಗಳೇ ಸುಟ್ಟ ಇಟ್ಟಿಗೆಗಳಿಂದ ಶಾಲೆಯ ಗೋಡೆಗಳು ಎದ್ದವು.

ಇಲ್ಲಿಯವರೆಗೆ ಎಲ್ಲವೂ ಸ್ತುತ್ಯವೇ. ಆದರೆ ಶಾಲೆ ಬೆಳೆದಂತೆ ಮೊಟ್ಟೆಗಳು ಸಾಲವು. ಕೋಟ್ಯಧೀಶರ ಸಾವಿರ ಸಾವಿರ ಡಾಲರುಗಳು ಬೇಕಾದವು. 1895ರಲ್ಲಿ ಅಟ್ಲಾಂಟಾ ನಗರದಲ್ಲಿ ಮಾಡಿದ ಪ್ರಸಿದ್ಧ ಭಾಷಣದಲ್ಲಿ ವಾಷಿಂಗ್ಟನ್ನರು, ತಮ್ಮ ಜನರು ಸಮಾನತೆಯ ಹಕ್ಕಿಗಾಗಿ ಆತುರಪಡದೆ ಮೊದಲು ಕೈಕಸುಬಿನಿಂದ ಮೇಲೇರಲೆಂಬ ಧೋರಣೆಯನ್ನು ತಳೆದರು. ದಾನಿಗಳಿಗೆ ಅದು ಹಿತವಾಯಿತು. ಡಬ್ಲ್ಯು. ಇ. ಬಿ. ಡುಬಾಯ್ಸರು 1903ರಲ್ಲಿ ಈ ಧೋರಣೆಯನ್ನು ತೀವ್ರವಾಗಿ ಖಂಡಿಸಿದರು: ಜನಾಂಗದ ಹಕ್ಕುಗಳನ್ನು ಬಿಟ್ಟುಕೊಟ್ಟು ಪಡೆದ ಅಭ್ಯುದಯವು ಅಭ್ಯುದಯವಲ್ಲವೆಂಬುದು ಅವರ ವಾದದ ತಿರುಳು. ವಾಷಿಂಗ್ಟನ್ನರು 1915ರಲ್ಲಿ ತೀರಿಕೊಂಡ ಬಹುಕಾಲದ ಮೇಲೆ ಅವರ ಪತ್ರಗಳಿಂದ ಇನ್ನೊಂದು ಸಂಗತಿ ಹೊರಬಿತ್ತು. ಮತದಾನದ ಹಕ್ಕಿಗಾಗಿ ತಮ್ಮ ಜನರು ನ್ಯಾಯಾಲಯದಲ್ಲಿ ಹೂಡಿದ ವ್ಯಾಜ್ಯಗಳಿಗೆ ಅವರು ಗುಟ್ಟಾಗಿ ಹಣವನ್ನು ಒದಗಿಸಿದ್ದರು! ಹೊರಗೆ ಮೌನ, ಒಳಗೆ ಹೋರಾಟ. ಅವರನ್ನು ಕಪಟಿಯೆನ್ನುವುದು ಸುಲಭ. ನೂರಾರು ವಿದ್ಯಾರ್ಥಿಗಳ ಅನ್ನವು ತನ್ನ ನಾಲಗೆಯ ಮೇಲೆ ನಿಂತಿರುವಾಗ ಬಾಯಿ ತೆರೆಯುವುದು ಎಷ್ಟು ಕಷ್ಟವೆಂಬುದನ್ನು ತಿಳಿದವರು ಹಾಗೆನ್ನಲಾರರು. ಆದರೂ ಈ ಚರಿತ್ರೆಯಿಂದ ಒಂದು ತತ್ತ್ವವು ನಿಶ್ಚಿತವಾಗುತ್ತದೆ. ಬೇಡಿದ್ದರಿಂದ ಗುರುವು ಕೆಳಗಿಳಿಯುವುದಿಲ್ಲ; ದಾನದ ಬದಲಿಗೆ ತನ್ನ ನಾಲಗೆಯನ್ನು ಒತ್ತೆಯಿಟ್ಟರೆ ಇಳಿಯುತ್ತಾನೆ. ಕೈಗಡಿಯಾರವನ್ನು ಬಿಡಿಸಿಕೊಳ್ಳಬಹುದು, ಒತ್ತೆಬಿದ್ದ ನಾಲಗೆಯನ್ನು ಬಿಡಿಸಿಕೊಳ್ಳುವುದು ದುಸ್ಸಾಧ್ಯ.

ಎರಡನೆಯ ಸಂದೇಹವು ಇನ್ನೂ ಸೂಕ್ಷ್ಮವಾದದ್ದು. ಕೌತ್ಸನ ಕಥೆಯಲ್ಲಿ ಇದ್ದವರು ಇಬ್ಬರೇ. ಉಪಾಧ್ಯಾಯನ ಯಾಚನೆಯಲ್ಲಿ ಮೂರನೆಯದೊಂದು ಜೀವವಿದೆ. ಮಗುವು ತಾನಾಗಿ ಏನನ್ನೂ ಬೇಡಿಲ್ಲ. ಆದರೂ ಬೇಡಿಕೆಗೆ ಅದರ ಬಡತನವೇ ಕಾರಣ. ಕನ್ನಡನಾಡಿನ ಹಿಂದಿನ ಪದ್ಧತಿಗಳಲ್ಲಿ ಇದರ ಸಿಹಿಯೂ ಇದೆ, ಕಹಿಯೂ ಇದೆ. ಕೂಲಿಮಠದ ಐಗಳಿಗೆ ಊರವರು ಕಾಳುಕಡಿಯನ್ನು ಕೊಟ್ಟು ಮಕ್ಕಳಿಗೆ ಅಕ್ಷರ ಕಲಿಸುತ್ತಿದ್ದರು. ಕೊಡಲಾರದವನ ಮಗನು ಮರಳಿನ ಮೇಲೆ ಬೆರಳಿಡುವ ಭಾಗ್ಯವನ್ನು ಕಾಣುತ್ತಿದ್ದುದು ವಿರಳ. ವಾರಾನ್ನದ ಪದ್ಧತಿಯಲ್ಲಿ ಬಡವಿದ್ಯಾರ್ಥಿಯು ವಾರದ ಒಂದೊಂದು ದಿನ ಒಂದೊಂದು ಮನೆಯಲ್ಲಿ ಉಂಡು ಓದುತ್ತಿದ್ದನು. ಎಷ್ಟೋ ಮಂದಿ ವಿದ್ವಾಂಸರು ಆ ಅನ್ನದಿಂದಲೇ ಬೆಳೆದರು. ತಾಯಿಯಂತೆ ಬಡಿಸಿದ ಗೃಹಿಣಿಯರಿದ್ದರು. ತಡವಾಗಿ ಬಂದನೆಂದು ಹುಡುಗನನ್ನು ಹಸಿದ ಹೊಟ್ಟೆಯಲ್ಲೇ ಕಳುಹಿಸಿದವರೂ ಇದ್ದರು. ಮೇಲಾಗಿ, ಆ ಪಂಕ್ತಿಯಲ್ಲಿ ಎಲ್ಲ ಜಾತಿಯ ಬಡಹುಡುಗರಿಗೂ ಎಲೆ ಬೀಳುತ್ತಿರಲಿಲ್ಲ. ಜಾತಿಯನ್ನು ಕೇಳದೆ ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದ ತುಮಕೂರಿನ ಸಿದ್ಧಗಂಗಾಮಠದಂತಹ ಸ್ಥಳಗಳ ಹಿರಿಮೆಯು ಇಲ್ಲಿಯೇ ಇದೆ: ಎಲ್ಲರೂ ಒಂದೇ ಸಾಲಿನಲ್ಲಿ ಉಣ್ಣುವಾಗ ಯಾರೊಬ್ಬರ ಬಡತನವೂ ಪ್ರತ್ಯೇಕವಾಗಿ ಕಾಣದು.

ಮಗುವನ್ನು ಋಣದಿಂದ ಬಿಡಿಸುವುದಕ್ಕೆ ಮಗುವೇ ದುಡಿದು ತೀರಿಸಲಿ ಎಂಬ ಉಪಾಯವನ್ನು ಸ್ವಿಟ್ಜರ್ಲೆಂಡಿನ ಪೆಸ್ಟಲೋಜಿಯವರು ಪರೀಕ್ಷಿಸಿ ನೋಡಿದರು. 1774ರಲ್ಲಿ ಅವರು ನ್ಯೂಹಾಫ್ ಎಂಬ ತಮ್ಮ ಜಮೀನಿನಲ್ಲಿ ಭಿಕ್ಷೆ ಬೇಡುತ್ತಿದ್ದ ಮಕ್ಕಳನ್ನು ಸೇರಿಸಿಕೊಂಡು, ಹತ್ತಿ ನೂಲುವುದು, ನೇಯುವುದು, ಹೊಲಗೆಲಸ ಇವುಗಳೊಡನೆ ಓದುಬರೆಹವನ್ನು ಕಲಿಸತೊಡಗಿದರು. ಹಣ ಸಾಲದೆ ಬಂದಾಗ ಮಾನವಪ್ರೇಮಿಗಳಿಗೆ ಬಹಿರಂಗವಾದ ವಿಜ್ಞಾಪನೆಯನ್ನು ಮಾಡಿಕೊಂಡು, ಮುಂದೆ ಮಕ್ಕಳ ದುಡಿಮೆಯಿಂದಲೇ ಸಂಸ್ಥೆಯು ತನ್ನ ಕಾಲ ಮೇಲೆ ನಿಲ್ಲುವುದೆಂದು ಭರವಸೆ ಕೊಟ್ಟರು. ಆ ಭರವಸೆ ಫಲಿಸಲಿಲ್ಲ. ಎಳೆಯ ಕೈಗಳ ನೂಲಿಗೆ ಬೆಲೆ ಬರಲಿಲ್ಲ. ಹೊಸಬಟ್ಟೆ ಸಿಕ್ಕಿದೊಡನೆ ಮಕ್ಕಳನ್ನು ಕರೆದುಕೊಂಡು ಹೋದ ತಾಯಿತಂದೆಗಳಿದ್ದರು. ಪತ್ನಿಯ ಆಸ್ತಿಯೂ ಕರಗಿ, 1780ರಲ್ಲಿ ಶಾಲೆಯು ಮುಚ್ಚಿತು. 1799ರಲ್ಲಿ ಯುದ್ಧದಿಂದ ಹಾಳಾದ ಸ್ಟಾನ್ಸ್ ಎಂಬ ಊರಿನಲ್ಲಿ ಸುಮಾರು 80 ಮಂದಿ ನಿರ್ಗತಿಕ ಮಕ್ಕಳ ನಡುವೆ ಅವರು ಮತ್ತೆ ನಿಂತಾಗ, ಹಗಲಿರುಳೂ ಅವರೊಡನೆಯೇ ಇದ್ದು ತಂದೆಯಂತೆ ಸಾಕಿದರು. ಆರು ತಿಂಗಳೊಳಗಾಗಿ ಸೈನ್ಯದ ಆಸ್ಪತ್ರೆಗೆಂದು ಆ ಕಟ್ಟಡವನ್ನು ಬಿಡಬೇಕಾಯಿತು; ಆದರೆ ಜಗತ್ತಿನ ಶಿಕ್ಷಣಶಾಸ್ತ್ರವು ಕಲಿತದ್ದು ನ್ಯೂಹಾಫಿನ ಲೆಕ್ಕದಿಂದಲ್ಲ, ಸ್ಟಾನ್ಸಿನ ಆ ವಾತ್ಸಲ್ಯದಿಂದ. ಮಗುವಿಗೆ ದುಡಿಮೆಯ ಅಭ್ಯಾಸವಾಗುವುದು ಒಳ್ಳೆಯದೇ. ಮಗುವಿನ ದುಡಿಮೆಯನ್ನು ದಾನಿಗೆ ಜಾಮೀನಾಗಿ ತೋರಿಸುವುದು ಒಳ್ಳೆಯದಲ್ಲ.

ಈ ಎರಡರ ಅಂತರವನ್ನು ಅರಿತು ನಡೆದವರು ಕರ್ಮವೀರ ಭಾವೂರಾವ್ ಪಾಟೀಲರು. ಕನ್ನಡನಾಡಿನ ಗಡಿಗೆ ಸಮೀಪವಾದ ಕೊಲ್ಲಾಪುರ ಸೀಮೆಯ ಕುಂಭೋಜದಲ್ಲಿ 1887ರಲ್ಲಿ ಹುಟ್ಟಿದ ಇವರು, 1919ರಲ್ಲಿ ಸಾತಾರಾ ಜಿಲ್ಲೆಯ ಕಾಲೆ ಎಂಬ ಹಳ್ಳಿಯಲ್ಲಿ ರಯತ್ ಶಿಕ್ಷಣ ಸಂಸ್ಥೆಯನ್ನು ಸ್ಥಾಪಿಸಿ, 1924ರಲ್ಲಿ ಸಾತಾರೆಯಲ್ಲಿ ಎಲ್ಲ ಜಾತಿಯ ಬಡಮಕ್ಕಳಿಗೂ ಒಂದೇ ವಿದ್ಯಾರ್ಥಿನಿಲಯವನ್ನು ತೆರೆದರು. ಪತ್ನಿ ಲಕ್ಷ್ಮೀಬಾಯಿಯವರು ಆ ಮಕ್ಕಳಿಗೆ ಅಡಿಗೆ ಮಾಡಿ ಬಡಿಸಿದರು. ಧಾನ್ಯ ಮುಗಿದಾಗ ಒಂದೊಂದಾಗಿ ತಮ್ಮ ಒಡವೆಗಳನ್ನು ಕೊಟ್ಟರು. ಹುಡುಗರು ಹೊಲದಲ್ಲಿ ದುಡಿದು ಕಲಿತರು. ಆ ದುಡಿಮೆಯು ಅವರ ಸ್ವಾವಲಂಬನೆಗಾಗಿಯೇ ಹೊರತು ಯಾರ ಬಡ್ಡಿಗಾಗಿಯೂ ಅಲ್ಲ. ಸಂಸ್ಥೆಗೆ ಬೇಕಾದುದನ್ನು ಪಾಟೀಲರು ಬೇಡಿದ ರೀತಿಯೂ ಗಮನಾರ್ಹವಾದುದು. ಮನೆಮನೆಯಲ್ಲಿಯೂ ಬೀಸುವ ಮೊದಲು ಒಂದು ಹಿಡಿ ಕಾಳನ್ನು ಶಾಲೆಗೆಂದು ತೆಗೆದಿಡುವ ಮುಷ್ಟಿಧಾನ್ಯದ ಪದ್ಧತಿಯನ್ನು ಅವರು ಆಶ್ರಯಿಸಿದರು. ಸಾವಿರ ಮನೆಯ ಸಾವಿರ ಹಿಡಿಗಳು ಒಂದು ಕಣಜದಲ್ಲಿ ಬೆರೆತ ಮೇಲೆ ಯಾವ ಕಾಳು ಯಾರದೆಂದು ಹೇಳಬಲ್ಲವರು ಯಾರು? ಇಂಥವನಿಂದ ತಾನು ಓದಿದೆನೆಂಬ ಭಾರವು ಮಗುವಿನ ತಲೆಯ ಮೇಲೆ ಕೂರುವುದಿಲ್ಲ. ಗುರುವಿನ ನಾಲಗೆಯನ್ನು ಕಟ್ಟಬಲ್ಲ ಏಕೈಕ ದಾನಿಯೂ ಇರುವುದಿಲ್ಲ. ಟಸ್ಕೀಗೀಯ ಮುದುಕಿಯ ಆರು ಮೊಟ್ಟೆಗಳಲ್ಲಿದ್ದ ಸ್ವಾತಂತ್ರ್ಯವು ಕೋಟ್ಯಧೀಶರ ಹುಂಡಿಯಲ್ಲಿ ಇಲ್ಲದಿದ್ದುದು ಇದೇ ಕಾರಣದಿಂದ.

ಇಲ್ಲಿ ದಾನವೆಂಬ ಶಬ್ದವನ್ನೇ ಪರೀಕ್ಷಿಸಬೇಕಾಗುತ್ತದೆ. ಜ್ಯೋತಿರಾವ್ ಫುಲೆಯವರು 1882ರಲ್ಲಿ ಹಂಟರ್ ಆಯೋಗದ ಮುಂದೆ ಒಂದು ನಿಷ್ಠುರವಾದ ಮಾತನ್ನು ಮಂಡಿಸಿದರು. ಸರಕಾರದ ಬೊಕ್ಕಸವು ತುಂಬುವುದು ರೈತನ ಬೆವರಿನಿಂದ. ಅದರಿಂದ ವಿದ್ಯೆಗಾಗಿ ವೆಚ್ಚವಾಗುವುದು ಮೇಲಿನ ವರ್ಗದವರ ಮಕ್ಕಳಿಗೆ ಎಂಬುದು ಅದರ ಸಾರ. ಈ ಮಾತನ್ನು ಒಪ್ಪಿದರೆ, ಧನಿಕನು ಬಡವನ ಮಗುವಿನ ಓದಿಗೆ ಕೊಡುವುದು ಹೊಸದಾದ ಉಪಕಾರವಲ್ಲ. ಹಳೆಯ ಬಾಕಿಯ ಒಂದು ಕಂತು. ಓದಿದ ಮನೆತನಗಳ ಹಿರಿಯರು ಯಾರದೋ ವಾರಾನ್ನವನ್ನು ಉಂಡವರು. ಯಾರದೋ ತೆರಿಗೆಯಿಂದ ನಡೆದ ಶಾಲೆಯಲ್ಲಿ ಕಲಿತವರು. ಆ ಋಣವನ್ನು ಕೊಟ್ಟವರಿಗೇ ಹಿಂದಿರುಗಿಸುವ ದಾರಿಯಿಲ್ಲ. ಮುಂದಿನ ಮಗುವಿಗೆ ಸಲ್ಲಿಸುವುದೊಂದೇ ದಾರಿ. ದಾನವನ್ನು ಲಜ್ಜೆಯಿಂದ ಕೊಡಬೇಕೆಂಬ ವಿಧಿಯು ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಬರುತ್ತದೆ. ನಾಚಬೇಕಾದವನು ಪಡೆಯುವವನಲ್ಲ, ಕೊಡುವವನು ಎಂಬ ಈ ವಿವೇಕವು ಇಂದಿನ ಸಮಾರಂಭಗಳಲ್ಲಿ ತಲೆಕೆಳಗಾಗಿದೆ. ಬಡಮಕ್ಕಳನ್ನು ವೇದಿಕೆಯ ಮೇಲೆ ಸಾಲಾಗಿ ನಿಲ್ಲಿಸಿ, ನಾಲ್ಕು ನೋಟುಪುಸ್ತಕಗಳನ್ನು ಕೈಗಿತ್ತು, ದಾನಿಯು ಛಾಯಾಚಿತ್ರಕ್ಕೆ ಮುಖವೊಡ್ಡಿದಾಗ, ಮಗುವಿನ ಕೈಗೆ ಪುಸ್ತಕವು ಬಂದದ್ದು ನಿಜ. ಆದರೆ ಅದರ ಬೆಲೆಯನ್ನು ಅಲ್ಲಿಯೇ ಮಗುವಿನ ಮಾನದಿಂದ ವಸೂಲು ಮಾಡಿಕೊಂಡಂತಾಯಿತು. ಆ ಚಿತ್ರವು ಗೋಡೆಯ ಮೇಲೂ ಸಂಚಾರವಾಣಿಯ ಪರದೆಯ ಮೇಲೂ ಉಳಿಯುತ್ತದೆ. ಪುಸ್ತಕದ ಹಾಳೆಗಳು ಮುಗಿದ ಮೇಲೂ ಉಳಿಯುತ್ತದೆ.

ಮೂರನೆಯ ಸಂದೇಹವು ರಾಜ್ಯವನ್ನು ಕುರಿತದ್ದು. ವಿದ್ಯೆಯು ಪ್ರಜೆಯ ಹಕ್ಕಾದರೆ ಬೇಡುವುದೇಕೆ ಎಂದು ಕೆಲವರು ಆಕ್ಷೇಪಿಸಬಹುದು. ಈ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಬಡೋದೆಯ ಸಯಾಜಿರಾವ್ ಮಹಾರಾಜರು 1893ರಲ್ಲಿ ಅಮ್ರೇಲಿ ತಾಲ್ಲೂಕಿನಲ್ಲಿ ಆರಂಭಿಸಿದ ಕಡ್ಡಾಯಶಿಕ್ಷಣವನ್ನು 1906ರಲ್ಲಿ ರಾಜ್ಯಕ್ಕೆಲ್ಲ ವಿಸ್ತರಿಸಿದರು. ಮೈಸೂರು ಸಂಸ್ಥಾನದಲ್ಲಿ 1913ರಲ್ಲಿ ಪ್ರಾಥಮಿಕ ಶಿಕ್ಷಣದ ಕಾಯಿದೆ ಬಂದಿತು. ಆದರೆ ಗೋಪಾಲಕೃಷ್ಣ ಗೋಖಲೆಯವರು ಬ್ರಿಟಿಷ್ ಭಾರತಕ್ಕಾಗಿ 1911ರಲ್ಲಿ ಮಂಡಿಸಿದ ಮಸೂದೆಯು ಮರುವರ್ಷ 13ಕ್ಕೆ 38 ಮತಗಳಿಂದ ಬಿದ್ದುಹೋಯಿತು. 1950ರ ಸಂವಿಧಾನವು ಹತ್ತು ವರ್ಷಗಳೊಳಗಾಗಿ 14 ವರ್ಷದವರೆಗಿನ ಎಲ್ಲ ಮಕ್ಕಳಿಗೂ ಉಚಿತ ಶಿಕ್ಷಣ ದೊರೆಯುವಂತೆ ಪ್ರಯತ್ನಿಸಬೇಕೆಂದು ವಿಧಿಸಿತು. ಅದು ಮೂಲಭೂತ ಹಕ್ಕಾದುದು 2002ರ ತಿದ್ದುಪಡಿಯಿಂದ. ಅದಕ್ಕೆ ಬೇಕಾದ 2009ರ ಕಾಯಿದೆಯು ಜಾರಿಗೆ ಬಂದುದು 2010ರ ಏಪ್ರಿಲ್ 1ರಂದು. ಗೋಖಲೆಯವರ ಮಸೂದೆಯಿಂದ ಇಲ್ಲಿಗೆ 99 ವರ್ಷ! ಅಷ್ಟರಲ್ಲಿ ಎಷ್ಟು ತಲೆಮಾರಿನ ಮಕ್ಕಳು ಬಾಲ್ಯವನ್ನು ದಾಟಿಹೋದರು? ಹಕ್ಕು ತಡವಾಗಿಯಾದರೂ ಬಂದೀತು. ಮಗುವಿನ ಆರನೆಯ ವರ್ಷವು ಎರಡನೆಯ ಸಲ ಬಾರದು. ಈ ಕಾರಣಕ್ಕಾಗಿ, ರಾಜ್ಯವು ಎಚ್ಚರಗೊಳ್ಳುವವರೆಗೆ ಕಾಯಿರೆಂದು ಉಪಾಧ್ಯಾಯನಿಗೆ ಹೇಳುವುದು ನ್ಯಾಯವಲ್ಲ. ಕಾಯಿದೆಯು ಬಂದ ಮೇಲೂ ಅದರ ಆಸರೆ 6ರಿಂದ 14 ವರ್ಷದವರೆಗೆ ಮಾತ್ರ. ಹದಿನೈದರ ಬಾಲಕಿಯ ಪ್ರಯಾಣ, ವಸತಿ, ಮನೆಗೆ ತಪ್ಪುವ ಕೂಲಿ ಇವು ಇನ್ನೂ ಯಾರದೋ ಜೋಳಿಗೆಯನ್ನೇ ಎದುರುನೋಡುತ್ತವೆ.

ಆದರೂ ಜೋಳಿಗೆಯು ರಾಜ್ಯದ ಲೋಪವನ್ನು ಮುಚ್ಚುವ ಪರದೆಯಾಗಬಾರದು, ಅದಕ್ಕೆ ಸಾಕ್ಷಿಯಾಗಬೇಕು. ದಕ್ಷಿಣ ಕನ್ನಡ ಜಿಲ್ಲೆಯ ಹರೇಕಳ ಹಾಜಬ್ಬನವರು ಈ ಮಾರ್ಗವನ್ನು ತೋರಿಸಿದ್ದಾರೆ. ಮಂಗಳೂರಿನಲ್ಲಿ ಕಿತ್ತಳೆಹಣ್ಣು ಮಾರುತ್ತಿದ್ದ, ಸ್ವತಃ ಶಾಲೆಯಲ್ಲಿ ಓದದ ಈ ವ್ಯಕ್ತಿಯು ತನ್ನ ಹಳ್ಳಿಯ ಮಕ್ಕಳಿಗೆ ಶಾಲೆ ಬೇಕೆಂದು ತನ್ನ ಉಳಿತಾಯವನ್ನು ಹಾಕಿ, ದಾನಿಗಳ ಬಾಗಿಲನ್ನೂ ಸರಕಾರದ ಕಚೇರಿಗಳ ಬಾಗಿಲನ್ನೂ ಒಂದೇ ಹಟದಿಂದ ತಟ್ಟಿದರು. ಫಲವಾಗಿ ಆ ಊರಿನಲ್ಲಿ ನಿಂತದ್ದು ಸರಕಾರಿ ಶಾಲೆ. ಹಾಜಬ್ಬನವರ ಖಾಸಗಿ ಶಾಲೆಯಲ್ಲ. 2020ರಲ್ಲಿ ಪದ್ಮಶ್ರೀ ಪ್ರಶಸ್ತಿಯು ಅವರಿಗೆ ಘೋಷಿತವಾಯಿತು. ಅವರು ಬೇಡಿದ್ದು ರಾಜ್ಯದ ಬದಲಿಗೆ ಅಲ್ಲ, ರಾಜ್ಯವನ್ನು ಅಲ್ಲಿಗೆ ಎಳೆದು ತರುವುದಕ್ಕಾಗಿ.

ಹೀಗೆ ನೋಡಿದರೆ ಬೇಡುವವನಿಗೂ ಕೊಡುವವನಿಗೂ ಕೆಲವು ಧರ್ಮಗಳು ತಾವಾಗಿಯೇ ಗೋಚರಿಸುತ್ತವೆ. ಉಪಾಧ್ಯಾಯನು ಲೆಕ್ಕವನ್ನು ತೋರಿಸಲಿ, ಮಗುವನ್ನು ತೋರಿಸದಿರಲಿ. ಬಂದ ಹಣದ ಪಟ್ಟಿಯು ಶಾಲೆಯ ಗೋಡೆಯ ಮೇಲಿರಲಿ. ಪಡೆದವರ ಪಟ್ಟಿಯು ಅವನ ಪೆಟ್ಟಿಗೆಯಲ್ಲಿರಲಿ. ಪುಸ್ತಕವನ್ನು ಕೊಡುವುದಾದರೆ ತರಗತಿಗೆಲ್ಲ ಕೊಡಲಿ. ಬಡವನ ಮಗು ಯಾವುದೆಂದು ಉಳಿದ ಮಕ್ಕಳಿಗೆ ತಿಳಿಯಬೇಕಾದ ಅಗತ್ಯವಿಲ್ಲ. ಒಬ್ಬನಿಂದ ಸಾವಿರವನ್ನು ತರುವುದು ಸುಲಭವಾಗಿದ್ದರೂ ಸಾವಿರ ಮಂದಿಯಿಂದ ಒಂದೊಂದನ್ನು ತರುವ ಶ್ರಮವನ್ನು ಅವನು ತಳ್ಳಿಹಾಕದಿರಲಿ. ಏನನ್ನು ಕಲಿಸಬೇಕು, ಯಾರನ್ನು ಸೇರಿಸಬೇಕು, ಯಾರ ತಪ್ಪನ್ನು ತಪ್ಪೆನ್ನಬಾರದು ಎಂಬ ಕರಾರಿನೊಡನೆ ಬಂದ ಹಣವನ್ನು, ಅದು ಎಷ್ಟು ದೊಡ್ಡದಾಗಿದ್ದರೂ, ನಮಸ್ಕರಿಸಿ ಹಿಂದಿರುಗಿಸಲಿ.

ಕೊಡುವ ಮನೆಯವರು ಉಪಾಧ್ಯಾಯನನ್ನು ಜಗುಲಿಯ ಮೇಲೆ ಕಾಯಿಸದಿರಲಿ. ಅವನು ತನ್ನ ಹೊಟ್ಟೆಗಾಗಿ ಬಂದವನಲ್ಲ. ಅವನು ತಂದಿರುವ ಪಟ್ಟಿಯಲ್ಲಿ ದಾನಿಯ ಹೆಸರಿಗೆ ಮೊದಲೇ ಬರೆಯಬೇಕಾಗಿದ್ದ ಒಂದು ಬಾಕಿಯಿದೆ; ಆ ಬಾಕಿಯನ್ನು ಅವನು ಮನೆಯ ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತಿದ್ದಾನೆ. ಅವನು ಬರಿಗೈಯಲ್ಲಿ ತಿರುಗಿದ ವರ್ಷ ದನ ಕಾಯಲು ಹೋದ ಹುಡುಗನು ಮರುವರ್ಷ ಶಾಲೆಗೆ ಬರುವನೆಂಬ ನೆಚ್ಚಿಕೆಯಿಲ್ಲ.